‘ನ್ಯಾನೋ ಜೀನ್’ ಬಾಟಲಿ ಕೊಳ್ಳೋ ಮುಂಚೆ ಜೇಡಿಮಣ್ಣಿನ ಕಥೆ ಕೇಳಿ

ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಈ ವಾರ ಇದನ್ನ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ರೈತರ ವಾಟ್ಸಾಪ್ ಗ್ರೂಪಿಗೆ ಒಂದು ಸುದ್ದಿ ಹಾಕಿದ್ದೆ. ಆಸ್ಟ್ರೇಲಿಯಾದಲ್ಲಿ ಜೇಡಿಮಣ್ಣಿನ ಅತಿ ಸಣ್ಣ ಕಣಕ್ಕೆ ಆರ್‌ಎನ್‌ಎ ಅಂಟಿಸಿ ಎಲೆ ಮೇಲೆ ಸಿಂಪಡಿಸ್ತಾರೆ, ವೈರಸ್ ರೋಗ ತಡೆಯುತ್ತೆ, ಬೀಜದ ಜೀನ್ ಮುಟ್ಟೋದಿಲ್ಲ ಅಂತ. ಓದಿದ್ದು ತೋಟಗಾರಿಕೆ ಪದವಿ, ಮಾಡ್ತಿರೋದು ಸಾವಯವ ತರಕಾರಿ. ಇಂಥ ಸುದ್ದಿ ಕಂಡರೆ ಹಂಚದೆ ಇರೋಕೆ ನನಗೆ ಆಗಲ್ಲ. ಹಾಕಿದೆ, ಮರೆತೆ.

ಹೋದ ಬೇಸಿಗೆಯಲ್ಲಿ ಪಕ್ಕದ ತೋಟದ ಹುಡುಗ ಮೂರು ಬಾಟಲಿ ಹಿಡ್ಕೊಂಡು ಬಂದ.

‘ಅಣ್ಣಾ, ನೀವು ಹೇಳಿದ್ರಲ್ಲ ಜೇಡಿಮಣ್ಣಿನ ಜೀನ್ ಔಷಧಿ, ಸಿಕ್ತು ನೋಡಿ.’

ಬಾಟಲಿ ಮೇಲೆ ತಿರುಚಿದ ಏಣಿಯ ಹಾಗಿರೋ ಡಿಎನ್‌ಎ ಚಿತ್ರ. ದೊಡ್ಡ ಅಕ್ಷರದಲ್ಲಿ ‘ನ್ಯಾನೋ ಜೀನ್ ಟೆಕ್ನಾಲಜಿ’. ಕೆಳಗೆ ‘ಎಲ್ಲಾ ವೈರಸ್ ರೋಗಗಳಿಗೂ’ ಅಂತ. ಒಳಗೆ ಏನಿದೆ, ಎಷ್ಟಿದೆ, ನೋಂದಣಿ ಸಂಖ್ಯೆ ಎಷ್ಟು ಅನ್ನೋದು ಎಲ್ಲೂ ಇಲ್ಲ. ಆ ಹುಡುಗ ಅರ್ಧ ಎಕರೆ ಟೊಮೇಟೊಗೆ ಮನೆಯವಳ ಸರ ಅಡ ಇಟ್ಟು ಕೋಲು, ದಾರ, ಡ್ರಿಪ್ ಹಾಕಿದ್ದ. ನಾಟಿ ಮಾಡಿ ಇಪ್ಪತ್ತು ದಿನ ಆಗಿತ್ತು, ಅಲ್ಲಲ್ಲಿ ಎಲೆ ಮುದುಡೋಕೆ ಶುರುವಾಗಿತ್ತು. ನಾನು ಬಾಟಲಿ ತಿರುಗಿಸಿ ನೋಡಿ, ‘ಇದು ಅದಲ್ಲ ಅನ್ಸುತ್ತೆ ಕಣೋ’ ಅಂದೆ. ‘ಅನ್ಸುತ್ತೆ’ ಅಂದದ್ದೇ ತಪ್ಪು. ಯಾಕೆ ಅಲ್ಲ ಅಂತ ಅವನಿಗೆ ಅರ್ಥವಾಗೋ ಹಾಗೆ ಹೇಳೋಕೆ ಆವತ್ತು ನನ್ನ ಕೈಲಿ ಆಗಲಿಲ್ಲ. ಅವನು ಹೋಗಿ ಹೊಡೆದ. ಮೂರು ವಾರಕ್ಕೆ ಗಿಡ ಕಿತ್ತು ಬದುವಿಗೆ ಹಾಕಿದ.

ಆವತ್ತು ಹೇಳಬೇಕಿದ್ದದ್ದನ್ನ ಈಗ ಹೇಳ್ತೀನಿ. ಆಸ್ಟ್ರೇಲಿಯಾದ ಸುದ್ದಿ ಸುಳ್ಳಲ್ಲ. ಬಾಟಲಿಯ ಮಾತು ಬೇರೆ. ಎರಡರ ವ್ಯತ್ಯಾಸ ಗೊತ್ತಾಗಬೇಕಾದರೆ ಮಣ್ಣಿನ ಕಣ ಜೀನ್ ಸಾಮಗ್ರಿಯನ್ನ ಹೇಗೆ ಹೊರುತ್ತೆ, ಎಲ್ಲಿ ಇಳಿಸುತ್ತೆ ಅನ್ನೋದು ಸ್ವಲ್ಪ ತಿಳಿದಿರಬೇಕು.

ನಮ್ಮ ಊರ ಹೆಸರಿನ ವೈರಸ್

ನಮ್ಮ ತೋಟ ಇರೋದು ಕೆ.ಆರ್. ಪುರ ದಾಟಿ, ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆಗೆ. ಶನಿವಾರ ಬೆಳಗಿನ ಜಾವ ಗಾಡಿ ತುಂಬಿಸಿ ಹೊರಟರೆ ಮೊದಲು ಇಂದಿರಾನಗರದ ಮನೆಗಳು, ಆಮೇಲೆ ಹಲಸೂರು, ಉಳಿದದ್ದು ಶಿವಾಜಿನಗರದ ರಸೆಲ್ ಮಾರ್ಕೆಟ್. ಒಂದೇ ರಸ್ತೆ ಹಿಡಿದು ಹೋಗೋ ವ್ಯಾಪಾರ. ಟೊಮೇಟೊ ಇಲ್ಲದ ವಾರ ಬುಟ್ಟಿ ಕೊಳ್ಳೋರು ಮುಖ ಸಣ್ಣ ಮಾಡ್ತಾರೆ. ಏನು ಬೆಳೆದರೂ ಬಿಟ್ಟರೂ ಟೊಮೇಟೊ ಬೇಕೇ ಬೇಕು.

ಆ ಟೊಮೇಟೊವನ್ನ ಕಾಡೋ ಎಲೆ ಮುಟುರು ರೋಗದ ಒಂದು ವೈರಸ್‌ಗೆ ವಿಜ್ಞಾನಿಗಳು ಇಟ್ಟ ಹೆಸರಲ್ಲೇ ನಮ್ಮ ಊರಿದೆ: ಟೊಮೇಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್. ಹೆಮ್ಮೆ ಪಡೋ ವಿಷಯವೇನಲ್ಲ. ಇದನ್ನ ಹೊತ್ತು ತರೋದು ಬಿಳಿ ನೊಣ. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಈ ರೋಗ ವಿಪರೀತವಾಗಿ ಹಬ್ಬಿದಾಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಮತ್ತು ಅವರ ಜೊತೆಗಾರರು ಹೋಗಿ ನೊಣ ಹಿಡಿದು ನೋಡಿದರು. ಅದು ಇಲ್ಲಿ ಹಿಂದಿನಿಂದ ಇದ್ದ ನೊಣವಲ್ಲ, ‘ಬಿ’ ಬಯೋಟೈಪ್ ಅನ್ನೋ ಹೊರಗಿನ ತಳಿ. ಭಾರತದಲ್ಲಿ ಅದು ಸಿಕ್ಕ ಮೊದಲ ವರದಿ ಅದೇ. ನಾಟಿ ಮಾಡಿದ ಮೊದಲ ತಿಂಗಳಲ್ಲೇ ರೋಗ ತಗುಲಿದರೆ ಕೆಲವು ಸಲ ಇಡೀ ಬೆಳೆ ಹೋಗುತ್ತೆ. ಗಿಡದೊಳಗೆ ಸೇರಿದ ವೈರಸ್ಸನ್ನ ಕೊಲ್ಲೋ ಔಷಧಿ ಇಲ್ಲ. ಅದಕ್ಕೇ ನಮ್ಮ ಹುಡುಗ ಮಾತ್ರ ಅಲ್ಲ, ಯಾರಾದರೂ ಆ ಬಾಟಲಿಗೆ ಕೈ ಹಾಕ್ತಾರೆ.

ರಂಜಕ ಸಿಕ್ಕಿಹಾಕಿಕೊಳ್ಳೋ ರಸಾಯನವೇ ಇಲ್ಲೂ

ಈಗ ಮಣ್ಣಿಗೆ ಬರೋಣ. ನಮಗೆ ಗೊತ್ತಿರೋ ಜೇಡಿ ಹಾಳೆ ಹಾಳೆಯಾಗಿರುತ್ತೆ, ಒಬ್ಬಟ್ಟಿನ ಅಡುಕಿನ ಥರ. ಕರೇಮಣ್ಣಿನ ಜೇಡಿಯ ಹಾಳೆಗಳ ಮೇಲೆ ಋಣ ವಿದ್ಯುದಂಶ ಇರುತ್ತೆ. ಅದಕ್ಕೇ ಅದು ಪೊಟ್ಯಾಶ್, ಕ್ಯಾಲ್ಸಿಯಂ, ಅಮೋನಿಯಂ ಇವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ, ಅವುಗಳದ್ದು ಧನ. ಡಿಎನ್‌ಎ, ಆರ್‌ಎನ್‌ಎ ಎರಡರ ಬೆನ್ನೆಲುಬೂ ಫಾಸ್ಫೇಟ್‌ನಿಂದ ಆಗಿರೋದು, ಹಾಗಾಗಿ ಅವು ಕೂಡ ಋಣ. ಋಣಕ್ಕೆ ಋಣ ಸೇರಲ್ಲ. ಕೆರೆ ಗೋಡು ತಂದು ಅರೆದು ಆರ್‌ಎನ್‌ಎ ಬೆರೆಸಿದರೆ ಕೆಲಸ ಆಗಲ್ಲ ಅನ್ನೋದಕ್ಕೆ ಮೊದಲ ಕಾರಣ ಇದು.

ನಮ್ಮ ಪೂರ್ವ ಬೆಂಗಳೂರಿನ ಕೆಂಪು ಮಣ್ಣಿನ ಕಥೆ ಸ್ವಲ್ಪ ಬೇರೆ. ಡಿಎಪಿ ಹಾಕಿದರೆ ಅರ್ಧಕ್ಕರ್ಧ ರಂಜಕ ಮಣ್ಣಲ್ಲೇ ಲಾಕ್ ಆಗುತ್ತೆ ಅಂತ ಕೃಷಿ ಅಧಿಕಾರಿಗಳು ಹೇಳ್ತಾರಲ್ಲ, ಯಾಕೆ? ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಫಾಸ್ಫೇಟನ್ನ ಗಟ್ಟಿಯಾಗಿ ಹಿಡಿಯುತ್ತವೆ. ಜೀನ್ ಹೊರೋ ಮಣ್ಣಿನ ಗುಟ್ಟೂ ಬಹುಪಾಲು ಇದೇ. ಡಿಎನ್‌ಎ ಅಂದರೆ ಒಂದು ಉದ್ದದ ಫಾಸ್ಫೇಟ್ ಸರಪಳಿ ಅಂತಿಟ್ಟುಕೊಳ್ಳಿ, ಅದನ್ನ ಹಿಡಿಯೋಕೆ ಧನ ಇರೋ ಹಾಳೆ ಬೇಕು.

ಅಂಥ ಹಾಳೆಯ ಜೇಡಿಗೆ ಲೇಯರ್ಡ್ ಡಬಲ್ ಹೈಡ್ರಾಕ್ಸೈಡ್ ಅಂತಾರೆ, ಚಿಕ್ಕದಾಗಿ ಎಲ್‌ಡಿಎಚ್. ಮೆಗ್ನೀಷಿಯಂ ಮತ್ತು ಅಲ್ಯೂಮಿನಿಯಂ ಲವಣಗಳನ್ನ ಕ್ಷಾರದಲ್ಲಿ ಒಟ್ಟಿಗೆ ಗರಣೆ ಕಟ್ಟಿಸಿ ಮಾಡ್ತಾರೆ. ಹೈಡ್ರೋಟಾಲ್ಸೈಟ್ ಅನ್ನೋ ಇದರ ಸಹಜ ರೂಪವನ್ನ ಹೊಟ್ಟೆಯ ಆಮ್ಲ ಇಳಿಸೋ ಔಷಧಿಯಾಗಿ ಜನ ನುಂಗ್ತಾರೆ. ಅಂದರೆ ಆಮ್ಲ ಸಿಕ್ಕರೆ ಕರಗೋ ಮಣ್ಣು. ಈ ಗುಣ ನೆನಪಿಡಿ, ಮುಂದೆ ಬೇಕಾಗುತ್ತೆ.

ಇದು ಆಸ್ಟ್ರೇಲಿಯಾದಲ್ಲೇ ಹುಟ್ಟಿದ ವಿದ್ಯೆ ಅಂದುಕೊಳ್ಳಬೇಡಿ. ನಾನು ಶನಿವಾರ ಶಿವಾಜಿನಗರದಲ್ಲಿ ಗಾಡಿ ಖಾಲಿ ಮಾಡಿ ಬಿಡಿಭಾಗಕ್ಕೆ ಅಂತ ಜೆ.ಸಿ. ರಸ್ತೆಗೆ ಹೋಗುವಾಗ ಲ್ಯಾಂಗ್‌ಫೋರ್ಡ್ ರಸ್ತೆ ಸಿಗುತ್ತೆ. ಅಲ್ಲಿನ ಸೇಂಟ್ ಜೋಸೆಫ್ಸ್ ಕಾಲೇಜಿನ, ಈಗ ವಿಶ್ವವಿದ್ಯಾಲಯ, ರಸಾಯನಶಾಸ್ತ್ರ ವಿಭಾಗದಲ್ಲಿ ಮೈಕಲ್ ರಾಜಮತಿ ಮತ್ತು ಅವರ ಗುಂಪು ಇದೇ ಜಾತಿಯ ಜೇಡಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹಾಳೆಗಳ ನಡುವೆ ಸೋಪಿನಂಥ ಅಣುಗಳನ್ನ ತೂರಿಸಿ, ಬ್ಯೂಟನಾಲ್‌ನಂಥ ದ್ರಾವಕದಲ್ಲಿ ಅಡುಕನ್ನ ಒಂದೊಂದೇ ಹಾಳೆಯಾಗಿ ಬಿಡಿಸೋದು ಹೇಗೆ, ಮತ್ತೆ ಜೋಡಿಸೋದು ಹೇಗೆ ಅನ್ನೋ ಕೆಲಸ. ಸೆಂಟ್ರಲ್ ಕಾಲೇಜಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಪಿ. ವಿಷ್ಣು ಕಾಮತ್ ಇದೇ ಎಲ್‌ಡಿಎಚ್ ರಚನೆಯನ್ನ ದಶಕಗಳ ಕಾಲ ಅಭ್ಯಾಸ ಮಾಡಿದವರು. ಇವರ್ಯಾರೂ ಟೊಮೇಟೊಗೆ ಅಂತ ಮಾಡಲಿಲ್ಲ, ಮಣ್ಣಿನ ಸ್ವಭಾವ ತಿಳಿಯೋಕೆ ಮಾಡಿದ್ದು. ಆದರೆ ಹಾಳೆ ಬಿಡಿಸೋದು ತಿಳಿಯದೆ ಅದರ ಮೇಲೆ ಏನನ್ನೂ ಕೂರಿಸೋಕಾಗಲ್ಲ.

ಇನ್ನೊಂದು ದಾರಿ ಮಾಮೂಲಿ ಜೇಡಿಯ ಥರದ್ದನ್ನೇ ಮಾರ್ಪಡಿಸೋದು. ಮೆಗ್ನೀಷಿಯಂ ಸಿಲಿಕೇಟ್ ಹಾಳೆಗೆ ಅಮೈನ್ ಅನ್ನೋ ಗುಂಪುಗಳನ್ನ ಕಟ್ಟಿದರೆ ಅದು ನೀರಲ್ಲಿ ಧನ ಆಗುತ್ತೆ. ಹೆಸರು ಅಮೈನೋ ಕ್ಲೇ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಸ್ಟೀಫನ್ ಮ್ಯಾನ್ ಅವರ ಗುಂಪು ಇದನ್ನ ಡಿಎನ್‌ಎ ಎಳೆಗೆ ಹೊದಿಕೆಯ ಹಾಗೆ ಸುತ್ತಿ ತೋರಿಸಿತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಎಂ. ಈಶ್ವರಮೂರ್ತಿ ಅವರ ಗುಂಪು ಇದೇ ಅಮೈನೋ ಕ್ಲೇಯನ್ನ ಬೇರೆ ಬೇರೆ ಕೆಲಸಕ್ಕೆ ಪಳಗಿಸಿದೆ. ಗಾಡಿಯಲ್ಲಿ ನಮ್ಮ ತೋಟದಿಂದ ಒಂದು ಗಂಟೆ ದಾರಿ, ಹೆಬ್ಬಾಳದ ಟ್ರಾಫಿಕ್ ಬಿಟ್ಟು ಹೇಳ್ತಿದ್ದೀನಿ.

ಪ್ರಾಣಿ ಕೋಶಕ್ಕೆ ಸುಲಭ, ಗಿಡಕ್ಕೆ ಗೋಡೆ

ಖನಿಜದ ಕಣದಿಂದ ಜೀನ್ ದಾಟಿಸೋದು ಹೊಸದೇನಲ್ಲ. 1973ರಲ್ಲಿ ಗ್ರಹಾಂ ಮತ್ತು ವಾನ್ ಡರ್ ಎಬ್ ಅನ್ನೋರು ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಡಿಎನ್‌ಎಯನ್ನ ಗರಣೆ ಕಟ್ಟಿಸಿ ಮನುಷ್ಯನ ಕೋಶಗಳ ಮೇಲೆ ಹಾಕಿದರು. ಕೋಶಗಳು ಅದನ್ನ ನುಂಗಿದವು. ನಮ್ಮ ಮೂಳೆಯಲ್ಲಿ, ರಾಕ್ ಫಾಸ್ಫೇಟಿನಲ್ಲಿ ಇರೋದೂ ಅದೇ ಬಳಗದ ಖನಿಜ. 1999ರ ಹೊತ್ತಿಗೆ ಕೊರಿಯಾದ ಜಿನ್ ಹೋ ಚೊಯ್ ಅವರ ಗುಂಪು ಎಲ್‌ಡಿಎಚ್ ಹಾಳೆಗಳ ಸಂದಿಯಲ್ಲೇ ಡಿಎನ್‌ಎ ಕೂರಿಸಿತು. ಕೋಶ ಅದನ್ನ ಒಂದು ಚೀಲದಂಥದ್ದರಲ್ಲಿ ಒಳಗೆಳೆದುಕೊಳ್ಳುತ್ತೆ, ಆ ಚೀಲದೊಳಗೆ ಹುಳಿ ಏರುತ್ತೆ, ಹುಳಿಗೆ ಮಣ್ಣು ಕರಗುತ್ತೆ, ಸರಕು ಹೊರಬೀಳುತ್ತೆ. ಆಮ್ಲಕ್ಕೆ ಕರಗೋ ಗುಣ ನೆನಪಿಡಿ ಅಂದಿದ್ದು ಇದಕ್ಕೆ.

ಗಿಡದ ಕೋಶ ಹಾಗಲ್ಲ. ಹೊರಗೆ ಸೆಲ್ಯುಲೋಸ್ ಗೋಡೆ, ಎಲೆ ಮೇಲೆ ಮೇಣದ ಪದರ ಬೇರೆ. ಆ ಗೋಡೆಯ ರಂಧ್ರಗಳು ಸಾಮಾನ್ಯವಾಗಿ 20 ನ್ಯಾನೋಮೀಟರಿಗಿಂತ ಚಿಕ್ಕವು. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. 2007ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಜೇನುಹುಟ್ಟಿನ ಹಾಗೆ ತೂತುಗಳಿರೋ ಸಿಲಿಕಾ ಕಣ ಮಾಡಿ, ತೂತಿನ ಬಾಯಿಗೆ ಚಿನ್ನದ ಮುಚ್ಚಳ ಹಾಕಿ, ಡಿಎನ್‌ಎ ಜೊತೆ ಗಿಡದೊಳಗೆ ಕಳಿಸಿದರು. ಜಾಣತನದ ಕೆಲಸವೇ. ಆದರೆ ಗೋಡೆ ತೆಗೆದ ಕೋಶಕ್ಕೆ ಮಾತ್ರ ಕಣ ತಾನಾಗಿ ಹೋಯಿತು, ಇಡೀ ಎಲೆಗೆ ಜೀನ್ ಗನ್ನಿಂದ ಹೊಡೆದೇ ನುಗ್ಗಿಸಬೇಕಾಯಿತು. ನಮ್ಮ ಬೆನ್ನಿನ ಸ್ಪ್ರೇಯರ್ ಜೀನ್ ಗನ್ ಅಲ್ಲವಲ್ಲ.

ಅದೂ ಅಲ್ಲದೆ ಒಂದು ಹೊಸ ಜೀನ್ ಕೆಲಸ ಮಾಡಬೇಕಾದರೆ ಡಿಎನ್‌ಎ ಕೋಶದ ಒಳಗಿರೋ ನ್ಯೂಕ್ಲಿಯಸ್‌ವರೆಗೂ ಹೋಗಬೇಕು. ಅದು ಶಾಶ್ವತವಾಗಿ ಉಳಿಯಬೇಕಾದರೆ ಗಿಡದ ಡಿಎನ್‌ಎಗೆ ಹೆಣೆದುಕೊಳ್ಳಬೇಕು. ಮಣ್ಣು ಸಿಂಪಡಿಸಿ ಬೆಳೆದು ನಿಂತ ಗಿಡದ ಜೀನ್ ಬದಲಾಯಿಸ್ತೀವಿ ಅಂತ ಯಾರಾದರೂ ಅಂದರೆ ಅಲ್ಲಿಗೇ ನಿಲ್ಲಿಸಿ. ಜಗತ್ತಿನ ಯಾವ ಹೊಲದಲ್ಲೂ ಅದು ನಡೀತಿಲ್ಲ.

ಹೊಲದ ಹತ್ತಿರ ಬಂದಿರೋದು ಇದರ ತಮ್ಮ, ಅಂದರೆ ಎರಡೆಳೆ ಆರ್‌ಎನ್‌ಎ. ಇದು ಜೀನ್ ಅಲ್ಲ, ಜೀನಿನ ಒಂದು ತುಂಡಿನ ನಕಲು. ಗಿಡದೊಳಗೆ ಇಂಥ ಎರಡೆಳೆ ಕಂಡರೆ ಗಿಡ ಅದನ್ನ ಶತ್ರು ವೈರಸ್ ಅಂದುಕೊಂಡು 21ರಿಂದ 24 ಅಕ್ಷರದ ತುಂಡುಗಳಾಗಿ ಕತ್ತರಿಸುತ್ತೆ, ಆ ತುಂಡುಗಳನ್ನ ಗುರುತಿನ ಚೀಟಿಯ ಹಾಗೆ ಇಟ್ಕೊಂಡು ಅದೇ ಅಕ್ಷರಗಳಿರೋ ಆರ್‌ಎನ್‌ಎ ಎಲ್ಲಿ ಸಿಕ್ಕರೂ ಕಡಿದು ಹಾಕುತ್ತೆ. ಎರಡೆಳೆ ಆರ್‌ಎನ್‌ಎ ಹೀಗೆ ಜೀನನ್ನ ಸುಮ್ಮನಾಗಿಸುತ್ತೆ ಅಂತ 1998ರಲ್ಲಿ ಒಂದು ಪುಟಾಣಿ ಹುಳುವಿನಲ್ಲಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರಿಗೆ 2006ರಲ್ಲಿ ನೊಬೆಲ್ ಬಂತು. ಗಿಡದ ಡಿಎನ್‌ಎ ಇದ್ದ ಹಾಗೇ ಇರುತ್ತೆ, ಬೀಜಕ್ಕೆ ಏನೂ ಹೋಗಲ್ಲ. ಕೆಲಸ ಮುಗಿದ ಮೇಲೆ ಆರ್‌ಎನ್‌ಎ ಕರಗಿಹೋಗುತ್ತೆ.

ಕರಗೋದೇ ತೊಂದರೆ ಕೂಡ. ಬರೀ ಆರ್‌ಎನ್‌ಎ ಎಲೆ ಮೇಲೆ ಹೊಡೆದರೆ ಬಿಸಿಲು, ಮಳೆ, ಎಲೆ ಮೇಲಿನ ಸೂಕ್ಷ್ಮಾಣುಗಳ ಕಿಣ್ವ ಎಲ್ಲ ಸೇರಿ ಕೆಲವೇ ದಿನದಲ್ಲಿ ಮುಗಿಸಿಬಿಡುತ್ತವೆ. ಇಲ್ಲಿ ಮಣ್ಣಿನ ಕಣ ಕೆಲಸಕ್ಕೆ ಬಂತು. 2017ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ನೀನಾ ಮಿಟರ್, ಝಿ ಪಿಂಗ್ ಶು ಮತ್ತು ಜೊತೆಗಾರರು ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವೇ ನಾನು ಗ್ರೂಪಿಗೆ ಹಾಕಿದ ಸುದ್ದಿಯ ಮೂಲ. ಸುಮಾರು 20ರಿಂದ 80 ನ್ಯಾನೋಮೀಟರ್ ಅಗಲದ ಎಲ್‌ಡಿಎಚ್ ಹಾಳೆಗಳ ಮೇಲೆ ವೈರಸ್‌ನ ಎರಡೆಳೆ ಆರ್‌ಎನ್‌ಎ ಕೂರಿಸಿ ಎಲೆಗೆ ಹೊಡೆದರು. ನೀರು ಹಾಕಿ ತೊಳೆದರೂ ಅಂಟಿಕೊಂಡಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಎಲೆ ಮೇಲಿನ ತೇವಕ್ಕೆ ಸೇರಿ ಸಣ್ಣಗೆ ಹುಳಿಯಾಗುತ್ತಲ್ಲ, ಆ ಹುಳಿಗೆ ಮಣ್ಣು ನಿಧಾನವಾಗಿ ಕರಗಿ ಆರ್‌ಎನ್‌ಎಯನ್ನ ದಿನಾ ಸ್ವಲ್ಪ ಸ್ವಲ್ಪ ಬಿಡ್ತಾ ಹೋಯಿತು. 30 ದಿನ ಆದಮೇಲೂ ಎಲೆ ಮೇಲೆ ಆರ್‌ಎನ್‌ಎ ಸಿಕ್ಕಿತು. ಒಂದು ಸಿಂಪಡಣೆಗೆ ಕನಿಷ್ಠ 20 ದಿನ ವೈರಸ್‌ನಿಂದ ರಕ್ಷಣೆ ಬಂತು, ಆಮೇಲೆ ಚಿಗುರಿದ ಸಿಂಪಡಿಸದ ಎಲೆಗೂ. ಹೆಸರು ಬಯೋಕ್ಲೇ.

ಅಲಸಂದೆ, ತಂಬಾಕು ಗಿಡಗಳಲ್ಲಿ ಮಾಡಿದ ಪ್ರಯೋಗ ಅದು, ಸೌತೆ ಮೊಸಾಯಿಕ್ ಮತ್ತು ಮೆಣಸಿನ ಮಾಟಲ್ ವೈರಸ್‌ಗಳ ಮೇಲೆ. ಟೊಮೇಟೊ ಮುಟುರು ರೋಗದ ಮೇಲಲ್ಲ. ಗ್ರೂಪಿಗೆ ಹಾಕುವಾಗ ಈ ಒಂದು ಸಾಲನ್ನ ನಾನು ಬಿಟ್ಟಿದ್ದೆ.

ಬಾಟಲಿ ಹೇಳದೆ ಬಿಟ್ಟ ಮಾತು

ಆ ಸಾಲು ಯಾಕೆ ಮುಖ್ಯ? ಆರ್‌ಎನ್‌ಎ ಕೆಲಸ ಮಾಡೋದು ಅಕ್ಷರ ಹೊಂದಿದರೆ ಮಾತ್ರ. ಮಣ್ಣಿನ ಕಣ ಬರೀ ಪೋಸ್ಟ್‌ಮ್ಯಾನ್, ವಿಳಾಸ ತಪ್ಪಿದ್ದರೆ ಅವನೇನು ಮಾಡ್ತಾನೆ? ಟೊಮೇಟೊ ಮುಟುರು ವೈರಸ್‌ನ ಇಡೀ ಬರಹ ಸುಮಾರು 2,700 ಅಕ್ಷರದ ಒಂದು ಉಂಗುರ. ನಮ್ಮ ಬೆಂಗಳೂರಿನದಕ್ಕೂ ನವದೆಹಲಿ ಹೆಸರಿನ ವೈರಸ್‌ಗೂ ಆ ಅಕ್ಷರಗಳು ಬೇರೆ. ಅದರ ಜೊತೆ ನಮ್ಮ ಕಡೆ ಟೊಮೇಟೊಗೆ ಥ್ರಿಪ್ಸ್ ತರೋ ಬಡ್ ನೆಕ್ರೋಸಿಸ್ ವೈರಸ್ ಇದೆ. ಚಿಗುರು ಕಂಚಿನ ಬಣ್ಣಕ್ಕೆ ತಿರುಗಿ ಕಪ್ಪಾಗಿ ಸುಡುತ್ತಲ್ಲ, ಕಾಯಿ ಮೇಲೆ ಉಂಗುರ ಮೂಡುತ್ತಲ್ಲ, ಅದು. ಅದರ ಅಕ್ಷರಗಳಿಗೂ ಇದರ ಅಕ್ಷರಗಳಿಗೂ ನೆಂಟಸ್ತಿಕೆಯೇ ಇಲ್ಲ. ‘ಎಲ್ಲಾ ವೈರಸ್‌ಗೂ’ ಅಂತ ಬರೆದ ಬಾಟಲಿ ಯಾವುದಕ್ಕೂ ಅಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ. ಆವತ್ತು ನಾನು ಹುಡುಗನಿಗೆ ಹೇಳಬೇಕಿದ್ದದ್ದು ಇಷ್ಟೇ: ‘ಯಾವ ವೈರಸ್ ಅಂತ ಹೆಸರು ತೋರಿಸು.’

ಇನ್ನೊಂದು ತೊಡಕೂ ಇದೆ. ಸೌತೆ ಮೊಸಾಯಿಕ್ ಆರ್‌ಎನ್‌ಎ ವೈರಸ್. ಮುಟುರು ವೈರಸ್ ಡಿಎನ್‌ಎದು, ಅದು ನ್ಯೂಕ್ಲಿಯಸ್ ಒಳಗೆ ಕೂತು ಮರಿ ಹಾಕುತ್ತೆ. ಅದರ ಡಿಎನ್‌ಎಯನ್ನ ಈ ಕತ್ತರಿ ನೇರವಾಗಿ ಕಡಿಯಲ್ಲ, ಅದರಿಂದ ಹುಟ್ಟೋ ಆರ್‌ಎನ್‌ಎಯನ್ನ ಮಾತ್ರ ಕಡಿಯುತ್ತೆ. ಹಾಗಾಗಿ ನನಗೆ ಹೆಚ್ಚು ಆಸೆ ಇರೋದು ವೈರಸ್ ಮೇಲಿನ ಸಿಂಪಡಣೆಗಿಂತ ನೊಣದ ಮೇಲಿನದ್ದರಲ್ಲಿ. 2022ರಲ್ಲಿ ಅದೇ ಕ್ವೀನ್ಸ್‌ಲ್ಯಾಂಡ್ ಗುಂಪು ಬಿಳಿ ನೊಣದ ಜೀನ್‌ಗಳಿಗೆ ಹೊಂದೋ ಆರ್‌ಎನ್‌ಎಯನ್ನ ಬಯೋಕ್ಲೇಯಲ್ಲಿ ಎಲೆಗೆ ಹೊಡೆದು, ನೊಣದ ಬೇರೆ ಬೇರೆ ಹಂತಗಳಿಗೆ ಏಟು ಬೀಳೋದನ್ನ ತೋರಿಸಿತು. ಬರೀ ಆರ್‌ಎನ್‌ಎಗಿಂತ ಮಣ್ಣಿನ ಜೊತೆ ಕೊಟ್ಟಾಗ ಮರಿಗಳ ಮೇಲೆ ಪರಿಣಾಮ ಹೆಚ್ಚಿತ್ತು. ನೊಣ ಹೀರೋದು ಎಲೆಯ ನರದೊಳಗಿನ ರಸ, ಅಲ್ಲಿವರೆಗೆ ಆರ್‌ಎನ್‌ಎ ಹೋಗಬೇಕು. ಅದಕ್ಕೆ ಅಂಟು-ಹರಡು ದ್ರಾವಣಗಳ ಸಹಾಯವೂ ಬೇಕಾಯಿತು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಆರ್. ಅಶೋಕನ್ ಮತ್ತು ಜೊತೆಗಾರರು ತರಕಾರಿ ಕೀಟಗಳ ಮೇಲೆ ಎರಡೆಳೆ ಆರ್‌ಎನ್‌ಎ ಕೆಲಸ ಮಾಡಿದ್ದಾರೆ. ಇಲ್ಲಿನ ನೊಣ, ಇಲ್ಲಿನ ವೈರಸ್‌ಗೆ ಹೊಂದೋದು ಬರಬೇಕಾದರೆ ಇಂಥ ಕಡೆಯಿಂದಲೇ ಬರಬೇಕು.

ಮಾರುಕಟ್ಟೆಗೆ ಬಂದಿರೋದು? ಸಿಂಪಡಿಸೋ ಆರ್‌ಎನ್‌ಎ ಕೀಟನಾಶಕಕ್ಕೆ ಅಮೆರಿಕದ ಪರಿಸರ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮೊದಲ ಸಲ ಒಪ್ಪಿಗೆ ಕೊಟ್ಟಿತು. ಅದು ಆಲೂಗಡ್ಡೆಯ ಒಂದು ದುಂಬಿಗೆ, ಹೆಸರು ಕ್ಯಾಲಾಂಥಾ. ಅದರಲ್ಲಿ ಜೇಡಿ ಕಣವಿಲ್ಲ. ಆ ದುಂಬಿ ನಮ್ಮಲ್ಲಿಲ್ಲ.

ನಮ್ಮ ಬೋರ್ ನೀರು, ನಮ್ಮ ಜೀವಾಮೃತ

ಮುಂದೊಂದು ದಿನ ನಿಜವಾದದ್ದು ಬಂದಾಗ ನಾನು ಮೊದಲು ಕೇಳೋ ಪ್ರಶ್ನೆಗಳು ಪ್ರಯೋಗಾಲಯದವಲ್ಲ, ತೋಟದವು. ಎಲ್‌ಡಿಎಚ್ ಹಾಳೆಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಜೊತೆಗಾರ ಕಾರ್ಬೊನೇಟ್. ಅದು ಸಿಕ್ಕರೆ ಬೇರೆಯವರನ್ನ ತಳ್ಳಿ ಅದನ್ನೇ ಕೂರಿಸಿಕೊಳ್ಳುತ್ತೆ. ಹೊಸಕೋಟೆ ಕಡೆಯ ನಮ್ಮ ಬೋರ್ ನೀರಲ್ಲಿ ಅನ್ನ ಬೇಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತೆ, ಅಷ್ಟು ಗಡಸು. ಅದೇ ನೀರಲ್ಲಿ ಕಲಸಿದರೆ ಕ್ಯಾನಿನಲ್ಲೇ ಆರ್‌ಎನ್‌ಎ ಕೆಳಗಿಳಿಯುತ್ತಾ? ಮಳೆ ನೀರು ಹಿಡಿದಿಡಬೇಕಾ? ನಾವು ಗೋಮೂತ್ರ, ಜೀವಾಮೃತ ಹೊಡೆಯೋರು. ಅವುಗಳಲ್ಲಿ ಆರ್‌ಎನ್‌ಎ ಕತ್ತರಿಸೋ ಕಿಣ್ವಗಳು ತುಂಬಿರುತ್ತವೆ. ಎಷ್ಟು ದಿನ ಬಿಟ್ಟು ಹೊಡೆಯಬೇಕು? ಹುಳಿ ಮಜ್ಜಿಗೆ ಹೊಡೆದ ಎಲೆ ಮೇಲೆ ಮಣ್ಣು ಒಂದೇ ದಿನಕ್ಕೆ ಕರಗಿಬಿಟ್ಟರೆ? ಮಾರೋರ ಹತ್ತಿರ ಇದಕ್ಕೆ ಉತ್ತರ ಇಲ್ಲದಿದ್ದರೆ ನಾನಂತೂ ಅರ್ಧ ಸಾಲಿಗಿಂತ ಹೆಚ್ಚು ಹೊಡೆಯಲ್ಲ.

ಮಣ್ಣಿಗೆ ಅಲ್ಯೂಮಿನಿಯಂ ಸೇರುತ್ತಲ್ಲ ಅಂತ ಒಬ್ಬರು ಕೇಳಿದರು. ನಮ್ಮ ಕೆಂಪು ಮಣ್ಣಲ್ಲಿ ಆಗಲೇ ಇರೋದರ ಮುಂದೆ ಸಿಂಪಡಣೆಯ ಪಾಲು ಏನೇನೂ ಅಲ್ಲ. ನನಗೆ ಹೆಚ್ಚು ಯೋಚನೆ ಹೊಡೆಯೋರ ಮೂಗಿನದು. ಒಣ ನ್ಯಾನೋ ಪುಡಿ ಗಾಳಿಗೆ ಎದ್ದರೆ ಒಳ್ಳೆಯದಲ್ಲ, ಯಾವ ನ್ಯಾನೋ ಆದರೂ ಮಾಸ್ಕ್ ಹಾಕೇ ಕಲಸಿ.

ಸಾವಯವದವರಿಗೆ

ಇಂದಿರಾನಗರದಲ್ಲಿ ನಮ್ಮ ಬುಟ್ಟಿ ತಗೊಳ್ಳೋ ಒಬ್ಬ ಆಂಟಿಗೆ ಈ ವಿಷಯ ಹೇಳಿದೆ. ‘ಜೀನ್ ಅಂದ್ರೆ ನಮ್ಮನೇಗೆ ಬೇಡಪ್ಪ’ ಅಂದರು. ಅದು ಬಿಟಿ ಅಲ್ಲ ಆಂಟಿ, ಗಿಡದ ಜೀನ್ ಬದಲಾಗಲ್ಲ ಅಂತ ವಿವರಿಸಿದೆ. ‘ಹಾಗಾದ್ರೆ ನೀನು ಹೊಡೀತೀಯಾ?’ ಅಂದರು. ಒಂದು ಕ್ಷಣ ಮಾತು ಬರಲಿಲ್ಲ.

2010ರ ಫೆಬ್ರವರಿಯಲ್ಲಿ ಬಿಟಿ ಬದನೆಯ ಬಗ್ಗೆ ಬೆಂಗಳೂರಲ್ಲಿ ಸಾರ್ವಜನಿಕ ಸಭೆ ನಡೆದಾಗ ನಾನು ವಿದ್ಯಾರ್ಥಿ. ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಆ ತಿಂಗಳೇ ಅದನ್ನ ತಡೆಹಿಡಿದರು. ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷ ಆಗಿ ಊಟ ಬಿಟ್ಟು ಜಗಳ ಆಡಿದ್ದೆವು. ಆಗಿನ ಪ್ರಶ್ನೆ ಬೀಜದೊಳಗಿನ ಜೀನಿನದು, ಒಂದು ಸಲ ಬಿತ್ತಿದರೆ ವಾಪಸ್ ತಗೊಳ್ಳೋಕಾಗದ್ದು. ಸಿಂಪಡಿಸಿದ ಆರ್‌ಎನ್‌ಎ ತಿಂಗಳಲ್ಲಿ ಮುಗಿಯುತ್ತೆ. ನನಗೆ ಇವೆರಡೂ ಒಂದೇ ಅಲ್ಲ. ರಾಸಾಯನಿಕ ಬೆಳೆಗಾರರು ಬಿಳಿ ನೊಣಕ್ಕೆ ಮೂರು ದಿನಕ್ಕೊಂದು ವಿಷ ಹೊಡೆಯೋದು ನಾನು ಕಣ್ಣಾರೆ ನೋಡ್ತಿದ್ದೀನಿ. ಅದರ ಜಾಗಕ್ಕೆ ಇದು ಬಂದರೆ ನನಗೆ ಸಂತೋಷವೇ.

ಆದರೆ ಸಾವಯವ ಅಂತ ಹೇಳಿ ಮಾರೋಕಾಗಲ್ಲ. ಪ್ರಮಾಣಪತ್ರ ಇರೋರು ಒಪ್ಪಿಗೆ ಪಟ್ಟಿಯಲ್ಲಿ ಇಲ್ಲದ್ದನ್ನ ಹೊಡೆಯೋ ಹಾಗಿಲ್ಲ. ಈ ಆರ್‌ಎನ್‌ಎಯನ್ನ ಅಗ್ಗವಾಗಿ ತಯಾರಿಸೋ ಒಂದು ದಾರಿ ಜೀನ್ ಮಾರ್ಪಡಿಸಿದ ಬ್ಯಾಕ್ಟೀರಿಯಾದಿಂದ, ಸಾವಯವ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಯುರೋಪಿನ ಸಾವಯವ ನಿಯಮ ಬೇಕೆಂದೇ ತಯಾರಿಸಿದ ನ್ಯಾನೋ ವಸ್ತುಗಳಿರೋ ಆಹಾರವನ್ನೂ ಹೊರಗಿಟ್ಟಿದೆ. ಹಾಗಾಗಿ ಆಂಟಿಗೆ ಹೇಳಿದೆ: ‘ನೋಂದಣಿ ಆಗಿ ಬಂದರೆ ಒಂದು ಮೂಲೆಯಲ್ಲಿ ಹೊಡೆದು ನೋಡ್ತೀನಿ, ಆ ಟೊಮೇಟೊ ನಿಮ್ಮ ಬುಟ್ಟಿಗೆ ಹಾಕಲ್ಲ, ಹಾಕಿದರೆ ಹೇಳಿ ಹಾಕ್ತೀನಿ.’ ಅವರು ಬೆಲೆ ಕಡಿಮೆ ಮಾಡ್ತೀಯಾ ಅಂತ ಕೇಳಿದರು. ಅದು ಬೇರೆ ವಿಷಯ.

ಅಂಗಡಿಯಲ್ಲಿ ನಿಂತಾಗ

ಫೋನ್ ಹೇಗೂ ಕೈಯಲ್ಲೇ ಇರುತ್ತೆ. ಬಾಟಲಿಯ ನಾಲ್ಕೂ ಕಡೆ ಫೋಟೋ ತೆಗೀರಿ, ಬಿಲ್ ತಗೊಳ್ಳಿ. ರೋಗ, ಕೀಟ ತಡೆಯುತ್ತೆ ಅಂತ ಹೇಳ್ಕೊಂಡು ಮಾರೋ ಯಾವ ವಸ್ತುವಾದರೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಿರಬೇಕು, ಲೇಬಲ್ ಮೇಲೆ ನೋಂದಣಿ ಸಂಖ್ಯೆ ಮತ್ತು ಬಣ್ಣದ ಗುರುತು ಇರಬೇಕು. ‘ಇದು ಔಷಧಿ ಅಲ್ಲ, ಗಿಡಕ್ಕೆ ಟಾನಿಕ್’ ಅಂತ ಅಂಗಡಿಯವರು ಹೇಳಿದರೆ, ಹಾಗಾದರೆ ವೈರಸ್‌ಗೆ ಅಂತ ಯಾಕೆ ಬರೆದಿದೆ ಅಂತ ಕೇಳಿ. ನ್ಯಾನೋ ಕೃಷಿ ಸಾಮಗ್ರಿಗಳನ್ನ ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲೇ ಮಾರ್ಗಸೂಚಿ ತಂದಿದೆ, ನಿಜವಾದ ತಯಾರಕರಿಗೆ ಅದು ಗೊತ್ತಿರುತ್ತೆ. ಅನುಮಾನ ಬಂದರೆ ಫೋಟೋ ಸಮೇತ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ನಮ್ಮ ಹುಡುಗ ಬಿಲ್ ತಗೊಂಡಿರಲಿಲ್ಲ.

ಈ ಸಲಕ್ಕೆ ನಾವಿಬ್ಬರೂ ಮಾಡ್ತಿರೋದು ಹಳೇ ಕೆಲಸವೇ. ಸಸಿ ಮಡಿಗೆ 40ರಿಂದ 50 ಮೆಶ್‌ನ ನೈಲಾನ್ ಪರದೆ, ನಾಟಿ ಆಗೋ ದಿನದವರೆಗೂ ತೆಗೆಯಲ್ಲ. ಹೆಸರಘಟ್ಟದ ಅರ್ಕಾ ರಕ್ಷಕ್ ಸಸಿ ಅರ್ಧ. ಮುನಿಯಪ್ಪನವರ ಕೆಲಸದಿಂದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಮುಟುರು ನಿರೋಧಕ ತಳಿಗಳಾದ ನಂದಿ, ವೈಭವ್, ಸಂಕ್ರಾಂತಿಯ ಬೀಜಕ್ಕೂ ಹುಡುಕ್ತಿದ್ದೀನಿ, ಸಿಕ್ಕರೆ ಇಲ್ಲೇ ಬರೀತೀನಿ. ಸುತ್ತ ಎರಡು ಸಾಲು ಜೋಳ ನಾಟಿಗೆ ಮುಂಚೆಯೇ ಎದ್ದು ನಿಂತಿರಬೇಕು. ಹಳೇ ಟೊಮೇಟೊ ತೋಟದ ಪಕ್ಕ ಹೊಸದು ಬೇಡ. ಮುದುಡಿದ ಗಿಡ ಕಂಡ ದಿನವೇ ಬೆಳಿಗ್ಗೆ ನೊಣ ಏಳೋ ಮುಂಚೆ ಕವರ್ ಮುಚ್ಚಿ ಕಿತ್ತು ಆಚೆ.

ಮೊನ್ನೆ ಹುಡುಗ ಬಂದು ಪರದೆ ಅಳತೆ ತಗೊಂಡು ಹೋದ. ಅವನ ಮಡಿ ಹನ್ನೆರಡು ಅಡಿ, ನನ್ನ ಹತ್ತಿರ ಉಳಿದಿರೋದು ಹತ್ತು ಅಡಿ. ಮಿಕ್ಕ ಎರಡು ಅಡಿಗೆ ಅವರಮ್ಮನ ಹಳೇ ಸೊಳ್ಳೆ ಪರದೆ ಸಾಕಾ ಅಂತ ಕೇಳಿದ. ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಬಿಳಿ ನೊಣ ಸಲೀಸಾಗಿ ತೂರುತ್ತೆ. ಬೇಡ ಅಂದೆ, ಈ ಸಲ ಯಾಕೆ ಅಂತಲೂ ಹೇಳಿದೆ.